ಹಿಂದಿನ ಸೀಟಿನಿಂದ ನೋಡಿದಾಗ

ಕುಕ್ಕರ್ ಕೊಳ್ಳುವಾಗ ನಾವು ಎಷ್ಟೆಲ್ಲ ವಿಚಾರಿಸುತ್ತೇವೆ! ತಳ ದಪ್ಪವಿದೆಯೇ, ಹಿಡಿ ಗಟ್ಟಿಯೇ, ಗ್ಯಾಸ್ಕೆಟ್ ನಮ್ಮೂರಲ್ಲಿ ಸಿಗುತ್ತದೆಯೇ? ಆದರೆ ಮನೆಗೆ ಮೋಟಾರ್ ಸೈಕಲ್ ಬರುವಾಗ ಮಾತ್ರ "ಅದು ಗಂಡಸರ ವಿಷಯ" ಅಂತ ಸುಮ್ಮನಿದ್ದುಬಿಡುತ್ತೇವೆ. ಹಿಂದೆ ಕೂರುವವರು ನಾವೇ ಅಲ್ಲವೇ, ಸೋದರಿಯರೇ?

ನಮ್ಮ ಕಡೆಯ ದಾರಿ ನಿಮಗೆ ಗೊತ್ತೇ ಇದೆ. ಕಡೂರಿನ ತೆಂಗಿನ ತೋಟಕ್ಕೆ ಹೋದರೆ ಕಲ್ಲು, ತರೀಕೆರೆಯ ಅಡಿಕೆ ತೋಟದಲ್ಲಿ ಕೆಸರು. ಅಜ್ಜಂಪುರದ ಎರೆ ಹೊಲಕ್ಕೆ ಮಳೆ ಬಿತ್ತೋ, ಮೆತ್ತಿದ ಮಣ್ಣು ಕಾಲು ಬಿಡುವುದೇ ಇಲ್ಲ. ಹಾಗಾಗಿ ಡಾಂಬರಿಗೂ ಹೊಲದ ದಾರಿಗೂ ಆಗುವ ಗಾಡಿ ಬೇಕು ಅಂತ ಮಕ್ಕಳು ಕೇಳುತ್ತಾರೆ. ಅಂಥ ಎರಡನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎರಡೂ ಹೀರೋ ಕಂಪನಿಯವೇ: 2011ರಲ್ಲಿ ಬಂದ ಇಂಪಲ್ಸ್, 2019ರಲ್ಲಿ ಬಂದ ಎಕ್ಸ್‌ಪಲ್ಸ್ 200. ಇಂಪಲ್ಸ್ ತಯಾರಿಕೆ ನಿಂತುಹೋಗಿದೆ. ಸಿಕ್ಕರೆ ಬಳಸಿದ್ದೇ ಸಿಗಬೇಕು.

ತೂಕ: ಇಂಪಲ್ಸ್ 134 ಕಿಲೋ, ಎಕ್ಸ್‌ಪಲ್ಸ್ ಸುಮಾರು 154. ಕೆಸರಲ್ಲಿ ಗಾಡಿ ಮಗುಚಿದಾಗ ಎತ್ತುವವರಿಗೆ ಈ 20 ಕಿಲೋ ಚೆನ್ನಾಗಿ ಗೊತ್ತಾಗುತ್ತದೆ.

ಎತ್ತರ: ಓಡಿಸುವವರ ಸೀಟು ಒಂದರಲ್ಲಿ 836, ಇನ್ನೊಂದರಲ್ಲಿ 823 ಮಿಲಿಮೀಟರ್. ಅಂದರೆ ಹೆಚ್ಚು ಕಡಿಮೆ ನಮ್ಮ ಅಡಿಗೆ ಕಟ್ಟೆಯಷ್ಟು! ಸೀರೆ ಉಟ್ಟು ಹತ್ತುವುದು ಸುಲಭವಲ್ಲ. ಅಂಗಡಿಯಲ್ಲೇ ಒಮ್ಮೆ ಹತ್ತಿ ಇಳಿದು ನೋಡಿ, ನಾಚಿಕೆ ಬೇಡ.

ಚಕ್ರ: ಇಂಪಲ್ಸ್‌ಗೆ ಮುಂದೆ 19, ಹಿಂದೆ 17 ಅಂಗುಲ, ಎಕ್ಸ್‌ಪಲ್ಸ್‌ಗೆ 21 ಮತ್ತು 18. ಚಕ್ರ ದೊಡ್ಡದಾದಷ್ಟೂ ಗುಂಡಿ, ಕಲ್ಲು ಸಲೀಸಾಗಿ ದಾಟುತ್ತದೆ. ಎರಡರಲ್ಲೂ ತಂತಿ ಕಡ್ಡಿಗಳ ಚಕ್ರ. ಬಳಸಿದ ಗಾಡಿಯಾದರೆ ಒಂದೊಂದು ಕಡ್ಡಿಯನ್ನೂ ಚಮಚದಿಂದ ತಟ್ಟಿ. ಸಂತೆಯಲ್ಲಿ ಮಡಕೆ ಬಾರಿಸಿ ನೋಡುತ್ತೇವಲ್ಲ, ಹಾಗೇ! ಠಣ್ ಎಂದರೆ ಬಿಗಿ, ಮಂಕಾಗಿ ಸದ್ದು ಮಾಡಿದರೆ ಸಡಿಲ.

ಮಡ್‌ಗಾರ್ಡ್: ಮುಂದಿನದು ಚಕ್ರದಿಂದ ಮೇಲೆ ಎತ್ತರಕ್ಕಿರುವುದು ಚಂದಕ್ಕಲ್ಲ. ಚಕ್ರಕ್ಕೆ ಅಂಟಿಕೊಂಡಂತಿದ್ದರೆ ಎರೆಮಣ್ಣು ಒಳಗೆ ತುಂಬಿ ಚಕ್ರವೇ ತಿರುಗದು.

ಬ್ರೇಕ್: ಇಂಪಲ್ಸ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಎಕ್ಸ್‌ಪಲ್ಸ್‌ಗೆ ಎರಡೂ ಡಿಸ್ಕ್, ಜೊತೆಗೆ ಮುಂದಿನ ಚಕ್ರಕ್ಕೆ ಎಬಿಎಸ್. ಗಾಬರಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೂ ಆ ಚಕ್ರ ಕಚ್ಚಿ ನಿಂತು ಜಾರದಂತೆ ಅದು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ.

ಇನ್ನು ಬಹು ಮುಖ್ಯವಾದದ್ದು ಸೀರೆ ಗಾರ್ಡ್. "ನೋಡೋಕೆ ಚೆನ್ನಾಗಿಲ್ಲ" ಅಂತ ಹುಡುಗರು ಮೊದಲು ಕಳಚಿ ಬಿಸಾಡುವುದೇ ಅದನ್ನು. ಒಮ್ಮೆ ಹಾಗೆ ಕಳಚಿದ್ದ ಗಾಡಿಯಲ್ಲಿ ಹೋಗುವಾಗ ನನ್ನ ಸೆರಗು ಚಕ್ರಕ್ಕೆ ಸುತ್ತಿಕೊಂಡಿತು. ಗಾಡಿ ನಿಧಾನವಾಗಿತ್ತು, ಸೆರಗು ಹರಿಯಿತು, ನಾನು ಉಳಿದೆ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕು, ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಮೆಟ್ಟು ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ಇದು ಬೇಡುವ ಉಪಕಾರವಲ್ಲ ಕಣ್ರೀ, ನಮ್ಮ ಹಕ್ಕು. ಹಾಗೆಯೇ ಹೆಲ್ಮೆಟ್: ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಕಡ್ಡಾಯ. ಗಾಡಿಯ ಜೊತೆಗೇ ನಿಮ್ಮದೂ ಒಂದು ಬರಲಿ.

ಹಾಗಾದರೆ ಯಾವುದು ಒಳ್ಳೆಯದು ಅಂತೀರಾ? ಮಗ ಒಬ್ಬನೇ ತೋಟಕ್ಕೆ ಹೋಗಿ ಬರುವುದಾದರೆ ಹಗುರವಾದ ಇಂಪಲ್ಸ್ ಸಾಕು. ಬಿಡಿಭಾಗ ಸಿಗುತ್ತದೆಯೇ ಎಂದು ಊರಿನ ಮೆಕ್ಯಾನಿಕ್‌ನನ್ನು ಮೊದಲೇ ಕೇಳಿ. ನೀವೂ ಆಗಾಗ ಹಿಂದೆ ಕೂರುವುದಾದರೆ ಬ್ರೇಕಿನ ದೃಷ್ಟಿಯಿಂದ ನನ್ನ ಮತ ಎಕ್ಸ್‌ಪಲ್ಸ್‌ಗೆ. ದಿನವೂ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು ಕೂರಬೇಕೇ? ಹಾಗಿದ್ದರೆ ಎರಡೂ ಬೇಡ, ತಗ್ಗಿನ ಸೀಟಿನ ಗಾಡಿಯೇ ಮೇಲು.

ಯಾವುದೇ ಕೊಳ್ಳಲಿ, ಅಂಗಡಿಗೆ ನೀವೂ ಹೋಗಿ. ಕುಕ್ಕರ್ ಆರಿಸುವ ಕಣ್ಣು ಗಾಡಿಗೂ ಸಾಕು.