ಗ್ರಂಥದಲ್ಲಿಲ್ಲದವರ ಮದ್ದು

ಗಾಯಕ್ಕೆ ಅರಿಶಿನ ಹಚ್ಚೋದು ನಮ್ಮ ಅವ್ವಂದಿರಿಗೆ ಗೊತ್ತು. ಅದಕ್ಕೇ 1995ರಲ್ಲಿ ಅಮೆರಿಕ ಪೇಟೆಂಟು ಕೊಟ್ಟಿತು. ನಮ್ಮ ಸರ್ಕಾರಿ ವಿಜ್ಞಾನಿಗಳು ಹೋರಾಡಿ 1997ರಲ್ಲಿ ರದ್ದು ಮಾಡಿಸಿದರು. ಒಳ್ಳೇದೇ ಆಯ್ತು. ಆದರೆ ಗೆಲ್ಲಿಸಿದ ಸಾಕ್ಷಿ ಯಾವುದು? ಸಂಸ್ಕೃತ ಗ್ರಂಥ, ಅಚ್ಚಾದ ಲೇಖನ. ಅವ್ವನ ಕೈಯಲ್ಲ.

ಹಾಗಾದರೆ ಅಕ್ಷರ ಮುಟ್ಟಬೇಡಿ ಅಂತ ಹೊರಗಿಟ್ಟವರ ತಿಳಿವು ಯಾರ್ದು?

ಕೇರಳದ ಅಗಸ್ತ್ಯಮಲೆಯ ಕಾಣಿ ಜನರನ್ನು ನೋಡಿ. 1987ರಲ್ಲಿ ಕಾಡಿಗೆ ಬಂದ ವಿಜ್ಞಾನಿಗಳು ಏದುಸಿರು ಬಿಡುತ್ತಿದ್ದರೆ, ದಾರಿ ತೋರಿಸುತ್ತಿದ್ದ ಕಾಣಿಗಳು ಒಂದು ಗಿಡದ ಹಣ್ಣು ತಿಂದು ದಣಿಯದೆ ನಡೆದರು. ಆ ಗಿಡ ಆರೋಗ್ಯಪಚ್ಚ. ಅದರಿಂದ 'ಜೀವನಿ' ಎಂಬ ಔಷಧಿಯಾಯಿತು. ತಯಾರಿಕೆಯ ಹಕ್ಕು 10 ಲಕ್ಷ ರೂಪಾಯಿಗೆ ಕಂಪನಿಯೊಂದಕ್ಕೆ ಹೋಯಿತು. ಅರ್ಧ ಕಾಣಿಗಳಿಗೆ ಅಂದರು, ಜಗತ್ತು ಕೊಂಡಾಡಿತು. ಅದೇ ಕಾಣಿಗಳು ಅದೇ ಎಲೆ ಕೀಳಹೋದರೆ ಅರಣ್ಯ ಇಲಾಖೆ ಅಡ್ಡ ನಿಂತಿತು!

ಇನ್ನು 2023ರಲ್ಲಿ ಜೀವವೈವಿಧ್ಯ ಕಾಯ್ದೆಗೇ ತಿದ್ದುಪಡಿ. ಗ್ರಂಥಸ್ಥವಾದ ತಿಳಿವನ್ನು ಬಳಸುವವರು ಯಾರಿಗೂ ಪಾಲು ಕೊಡಬೇಕಿಲ್ಲವಂತೆ. ಆ ಗ್ರಂಥಕ್ಕೆ ಮದ್ದು ಹೇಳಿಕೊಟ್ಟ ಕಾಡಿನವರು, ಕೇರಿಯ ಸೂಲಗಿತ್ತಿಯರು ಯಾರ ಲೆಕ್ಕದಲ್ಲಿದ್ದಾರೆ?

ಗೆಳೆಯರೇ, ಸೋಲಿಗರ ಪೋಡಿಗೆ, ಕುರುಬರ ಹಾಡಿಗೆ ಮೊಬೈಲು ಹಿಡಿದು ಬರುವ ಸಂಶೋಧಕರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳೋಣ: ಸ್ವಾಮಿ, ಬರೆದಾದ ಮೇಲೆ ಹೆಸರು ಯಾರ್ದು ಹಾಕ್ತೀರಿ?