ನೀರಿನ ಮೇಲೆ ಗಿರಕಿ ಹೊಡೆಯುವ ವಿಮಾನ

ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಕೆನಡಾದ ಬೀವರ್ ಎಂಬ ತೇಲುವ ವಿಮಾನ ಓಡಿಸುವ ಮಕ್ಕಳ ದೂರು ಒಂದೇ: “ತಾತಾ, ನೀರಲ್ಲಿ ಇದು ನನ್ನ ಮಾತೇ ಕೇಳಲ್ಲ, ಸುಮ್ಮನೆ ತಿರುಗಿಬಿಡುತ್ತೆ!”

ಆಟ ಕೆಟ್ಟಿಲ್ಲ ಮಕ್ಕಳೇ. 1947ರಲ್ಲಿ ಮೊದಲು ಹಾರಿದ ನಿಜವಾದ ಬೀವರ್‌ನದೂ ಅದೇ ಹಟ. ನೀರಿನಲ್ಲಿ ಬ್ರೇಕ್ ಎಲ್ಲಿಂದ ಬರಬೇಕು? ಎತ್ತರದ ಬಾಲಕ್ಕೆ ಗಾಳಿ ಬಡಿದು, ಮೂತಿ ಗಾಳಿ ಬರುವ ಕಡೆಗೇ ತಿರುಗುತ್ತದೆ. ಇದನ್ನು ತಡೆಯಲೆಂದೇ ಕೆಳಗಿನ ಎರಡು ತೇಲುದೋಣಿಗಳ ಹಿಂತುದಿಯಲ್ಲಿ ಪುಟ್ಟ ಚುಕ್ಕಾಣಿಗಳಿವೆ. ಅವು ನೀರಿಗೆ ಇಳಿದಿವೆಯೇ, ಮೊದಲು ನೋಡಿ. ಎಷ್ಟೋ ಸಲ ಸೆಟ್ಟಿಂಗ್ಸ್‌ನಲ್ಲಿ ಅವುಗಳಿಗೆ ಕೀಲಿಯನ್ನೇ ಕೊಟ್ಟಿರುವುದಿಲ್ಲ! ಅನುಮಾನವಿದ್ದರೆ ಗಾಳಿಯನ್ನು ಸೊನ್ನೆ ಮಾಡಿ. ಗಿರಕಿ ನಿಂತರೆ ಕಾರಣ ಗಾಳಿಯೇ.

ಹಾರುವ ಮುನ್ನ ಮಾತ್ರ ಚುಕ್ಕಾಣಿಗಳನ್ನು ಮೇಲೆತ್ತಬೇಕು. ಗಾಳಿಗೆ ಎದುರಾಗಿ ನಿಂತು, ಜಾಯ್‌ಸ್ಟಿಕ್ ಪೂರ್ತಿ ಹಿಂದಕ್ಕೆಳೆದು ವೇಗ ಕೊಡಿ. ಮೂತಿ ಏಳುವಷ್ಟು ಎದ್ದ ಮೇಲೆ ನಿಧಾನವಾಗಿ ಸಡಿಲಿಸಿದರೆ ವಿಮಾನ ನೀರಿನ ಮೇಲೆ ಜಾರತೊಡಗುತ್ತದೆ. ಅವಸರಪಟ್ಟು ಮುಂದಕ್ಕೆ ತಳ್ಳಿದಿರೋ, ಕಪ್ಪೆಯಂತೆ ಕುಪ್ಪಳಿಸುತ್ತದೆ. ಕುಪ್ಪಳಿಕೆ ಜೋರಾದರೆ ನಿಜವಾದ ವಿಮಾನವೂ ಮಗುಚಬಹುದು, ಇದು ತಮಾಷೆಯಲ್ಲ. ತಕ್ಷಣ ವೇಗ ಇಳಿಸಿ, ಸ್ಟಿಕ್ ಹಿಂದಕ್ಕೆಳೆಯಿರಿ.

ಅಜ್ಜ ಅಜ್ಜಿಯರೇ, ನಿಮಗೂ ಕೆಲಸವಿದೆ: ಅಲೆಗಳನ್ನು ನೋಡಿ ಗಾಳಿ ಯಾವ ಕಡೆಯದೆಂದು ಮೊಮ್ಮಕ್ಕಳಿಗೆ ಹೇಳುತ್ತಿರಿ.