ಮಗುವಿನ ಕೈಗೆ ಏನು ಕೊಡೋಣ?

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ಮಕ್ಕಳ ಓದಿನ ವಿಷಯ ಬಂದಾಗಲೆಲ್ಲ ನಾವು ಹೇಳುತ್ತೇವೆ. ಆದರೆ ಗಿಡವನ್ನು ಬಗ್ಗಿಸುವ ಮೊದಲು ಅದಕ್ಕೆ ಮಣ್ಣು, ನೀರು, ಬಿಸಿಲು ಬೇಕೆಂಬುದನ್ನು ಮರೆತುಬಿಡುತ್ತೇವೆ. ಹುಟ್ಟಿದಂದಿನಿಂದ ಮೂರು ವರ್ಷದವರೆಗಿನ ಮಗುವಿಗೆ ಆಟವೇ ಮಣ್ಣು, ಆಟವೇ ಬಿಸಿಲು. ಹೈಸ್ಕೂಲಿನ ವಾರ್ಷಿಕ ಸಂಚಿಕೆಯಲ್ಲಿ ತೊಟ್ಟಿಲ ಮಗುವಿನ ಮಾತೇಕೆ ಎಂದು ಕೆಲವರು ಕೇಳಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ, ಅಕ್ಕನ ಮಗುವೋ ಇದೆ. ಸಂಜೆ ಚೀಲ ಇಳಿಸಿದೊಡನೆ ಆ ಮಗುವನ್ನು ಎತ್ತಿಕೊಳ್ಳುವವರು ಅವರೇ. ಆದುದರಿಂದ ಈ ಮಾತು ಹೆತ್ತವರಿಗೆ ಎಷ್ಟೋ ವಿದ್ಯಾರ್ಥಿಗಳಿಗೂ ಅಷ್ಟೇ ಸಲ್ಲುತ್ತದೆ.

ಹುಟ್ಟುಹಬ್ಬದ ಮನೆಯೊಂದರಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ಒಂದು ವರ್ಷದ ಮಗುವಿಗೆ ಬ್ಯಾಟರಿಯ ಕಾರು ಉಡುಗೊರೆಯಾಗಿ ಬಂದಿತ್ತು. ಗುಂಡಿ ಒತ್ತಿದೊಡನೆ ಅದು ಕೆಂಪು ದೀಪ ಮಿನುಗಿಸಿ, ಕಿರುಚಿಕೊಂಡು ಚಾವಡಿಯುದ್ದಕ್ಕೂ ಓಡಿತು. ಮಗು ಹೆದರಿ ಅತ್ತಿತು. ಹಿರಿಯರೆಲ್ಲ ಕಾರಿನ ಸುತ್ತ ಸೇರಿದ್ದಾಗ ಮಗು ಅಂಬೆಗಾಲಿಟ್ಟು ಹೋಗಿ, ಆ ಕಾರು ತುಂಬಿಸಿ ತಂದಿದ್ದ ರಟ್ಟಿನ ಪೆಟ್ಟಿಗೆಯೊಳಗೆ ಕುಳಿತಿತು. ಅಳು ನಿಂತದ್ದು ಅಲ್ಲಿ. ಮತ್ತೆ ಬಹಳ ಹೊತ್ತು ಒಳಗೆ ಹೋಗುವುದು, ಹೊರಗೆ ಬರುವುದು, ಪೆಟ್ಟಿಗೆಯನ್ನು ಬಡಿಯುವುದು, ನಗುವುದು. ಕಾರು ತಾನೇ ಎಲ್ಲವನ್ನೂ ಮಾಡುತ್ತಿತ್ತು. ಮಗುವಿಗೆ ಮಾಡಲು ಏನೂ ಉಳಿದಿರಲಿಲ್ಲ. ಪೆಟ್ಟಿಗೆ ತಾನಾಗಿ ಏನನ್ನೂ ಮಾಡದು. ಮಗುವೇ ಎಲ್ಲವನ್ನೂ ಮಾಡಬೇಕಾಯಿತು. ಒಳ್ಳೆಯ ಆಟಿಕೆಯ ಲಕ್ಷಣ ಇದೇ ಎಂದು ನಮ್ಮ ಅಭಿಪ್ರಾಯ.

ಇಂಥ ಆಟಿಕೆಗಳಿಗೆ ಕಾಸರಗೋಡಿನ ನಮ್ಮ ಮನೆಗಳಲ್ಲಿ ಬರಗಾಲವಿಲ್ಲ. ನಾಲ್ಕಾರು ತಿಂಗಳ ಶಿಶುವನ್ನು ಎಚ್ಚರವಿರುವಾಗ ಚಾಪೆಯ ಮೇಲೆ ಕವುಚಿ ಮಲಗಿಸಿ, ಮುಂದೆ ಒಂದು ಬಣ್ಣದ ಬಟ್ಟೆಯನ್ನು ಆಡಿಸಿದರೆ ಸಾಕು. ತಲೆ ಎತ್ತಿ, ಕತ್ತು ತಿರುಗಿಸಿ ಅದು ತನ್ನ ವ್ಯಾಯಾಮವನ್ನು ತಾನೇ ಮಾಡುತ್ತದೆ. ಕುಳಿತುಕೊಳ್ಳಲು ಕಲಿತ ಮಗುವಿಗೆ ನಯವಾಗಿ ಉಜ್ಜಿದ ಎರಡು ಗೆರಟೆ, ಒಂದು ಮರದ ಸೌಟು, ಒಂದರೊಳಗೊಂದು ಕೂರುವ ನಾಲ್ಕು ಸ್ಟೀಲು ಬಟ್ಟಲು ಕೊಡಿ. ಸದ್ದು ಮನೆಮಂದಿಗೆ ತಲೆನೋವಾದರೂ ಮಗುವಿಗೆ ಅದು ಪಾಠ: ದೊಡ್ಡದರೊಳಗೆ ಚಿಕ್ಕದು ಹಿಡಿಸುತ್ತದೆ, ಚಿಕ್ಕದರೊಳಗೆ ದೊಡ್ಡದು ಹಿಡಿಸದು.

ಸೆರಗಿನಿಂದ ಮುಖ ಮುಚ್ಚಿ "ಅಜ್ಜಿ ಎಲ್ಲಿ?" ಎಂದು ಕೇಳಿ, ಸರಿಸಿ ನಗುವ ಆಟ ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತು. ಕಣ್ಣಿಗೆ ಮರೆಯಾದ ವಸ್ತು ಇಲ್ಲವಾಗುವುದಿಲ್ಲ ಎಂಬ ತಿಳಿವು ಮಗುವಿಗೆ ಮೊದಲ ವರ್ಷದಲ್ಲಿ ಮೆಲ್ಲನೆ ಮೂಡುತ್ತದೆಂದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ವಿವರಿಸಿದ್ದಾರೆ. ಪಿಯಾಜೆಯವರ ಹೆಸರನ್ನೇ ಕೇಳದ ಅಜ್ಜಿ ಆ ತಿಳಿವಿಗೆ ದಿನವೂ ನೀರೆರೆಯುತ್ತಾಳೆ.

ನಡೆಯುವ ಮಗುವಿಗೆ ಅಡಿಕೆ ಹಾಳೆಗಿಂತ ಒಳ್ಳೆಯ ವಾಹನವಿಲ್ಲ. ಹಿಂದೆ ಶಿಶುವನ್ನು ಹಾಳೆಯ ಮೇಲೆ ಮಲಗಿಸಿಯೇ ಮೀಯಿಸುತ್ತಿದ್ದರು. ಅದೇ ಹಾಳೆಯ ಮೇಲೆ ಮಗುವನ್ನು ಕೂರಿಸಿ, ಸೋಗೆಯ ತುದಿ ಹಿಡಿದು ಅಂಗಳದಲ್ಲಿ ಮೆಲ್ಲನೆ ಎಳೆಯಿರಿ. ತೆಂಗಿನ ಗರಿಯಿಂದ ಗಿರಿಗಿಟ್ಲೆ, ಪೀಪಿ, ಕೈಗಡಿಯಾರ ಮಾಡಬಹುದು. ಹಲಸಿನೆಲೆಯನ್ನು ಸುರುಟಿ ಪುಟ್ಟ ದನವನ್ನು ಮಾಡಬಹುದು. ಹಳೆಯ ಸೀರೆಯ ತುಂಡನ್ನು ಗಂಟು ಹಾಕಿ ಗೊಂಬೆ ಮಾಡಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಗರಿಯ ಪೀಪಿ ಮಾಡಲು ಬಲ್ಲವರು ಎಷ್ಟು ಮಂದಿ? ಬಲ್ಲ ಅಜ್ಜನೊಬ್ಬ ಮನೆಯಲ್ಲಿರುವಾಗಲೇ ಕಲಿತುಕೊಳ್ಳಬೇಕು.

ಆದರೆ ಹಿಂದಿನದೆಲ್ಲ ಚೆನ್ನಾಗಿತ್ತೆಂದು ನಾವು ಹೇಳುವುದಿಲ್ಲ. ಹಿಂದೆಯೂ ಮಕ್ಕಳು ಬಾವಿಗೆ, ಕೆರೆಗೆ ಬಿದ್ದದ್ದುಂಟು. ಎರಡು ಮೂರು ಅಂಗುಲ ನೀರಿರುವ ಬಾಲ್ದಿ ಕೂಡ ಎಳೆಮಗುವಿಗೆ ಅಪಾಯವೇ. ನೀರಾಟ ಆಡಿಸುವಾಗ ದೊಡ್ಡವರು ಕೈಯಳತೆಯಲ್ಲಿರಬೇಕು, ಆಟ ಮುಗಿದೊಡನೆ ನೀರನ್ನು ಚೆಲ್ಲಬೇಕು. ಮೂರು ವರ್ಷ ತುಂಬದ ಮಗುವಿಗೆ ಸುಮಾರು 3 ಸೆಂಟಿಮೀಟರಿಗಿಂತ ಚಿಕ್ಕದಾದ ಯಾವ ವಸ್ತುವನ್ನೂ ಕೊಡಬಾರದು. ಅದು ನೇರ ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕೀತು. ಗುಲಗಂಜಿ ನೋಡಲು ಚಂದವಾದರೂ ಜಗಿದರೆ ವಿಷ. ಹಸಿ ಗೇರುಬೀಜದ ಸೊನೆ ಚರ್ಮವನ್ನು ಸುಡುತ್ತದೆ. ಚೆನ್ನೆಮಣೆಯ ಕಾಯಿಗಳು ದೊಡ್ಡ ಮಕ್ಕಳಿಗಿರಲಿ.

ಇನ್ನು ತಿರುಗಾಟದ ಮಾತು. ರಜೆ ಬಂದರೆ ಕೈಗೂಸನ್ನು ಎತ್ತಿಕೊಂಡು ಬೇಕಲ ಕೋಟೆಗೆ ಹೋಗುವವರನ್ನು ಕಾಣುತ್ತೇವೆ. ಇಕ್ಕೇರಿ ನಾಯಕರ ಕಾಲದ ಆ ಕೋಟೆಯನ್ನು ದೊಡ್ಡವರು ನೋಡಲೇಬೇಕು. ಆದರೆ ನಡುಹಗಲಿನಲ್ಲಿ ಕಾದ ಮುರಕಲ್ಲಿನ ಮೇಲೆ ಮಗುವಿಗೆ ಕಾಣುವುದು ಸೆಕೆಯೊಂದೇ. ಫೋಟೋದಲ್ಲಿ ಎಲ್ಲರೂ ನಗುತ್ತಾರೆ, ಮಗು ಅಳುತ್ತದೆ. ಒಂದೂವರೆ ವರ್ಷದ ಮಗುವಿಗೆ ಬೇಕಲವೂ ಒಂದೇ, ಹಿತ್ತಿಲ ತೋಡೂ ಒಂದೇ. ಹೋಗುವುದಾದರೆ ಬಿಸಿಲು ಇಳಿದ ಮೇಲೆ ಹೋಗಿ, ಮರಳಿನಲ್ಲಿ ಕೂರಿಸಿ, ಅಲೆಯಿಂದ ದೂರವಿರಿಸಿ.

ಅದಕ್ಕಿಂತ ಸುಲಭದ ತಿರುಗಾಟಗಳಿವೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆಯವರು ಸಂಜೆ ರೈಲು ನಿಲ್ದಾಣದ ಹತ್ತಿರ ಸುರಕ್ಷಿತ ದೂರದಲ್ಲಿ ನಿಂತು ರೈಲು ತೋರಿಸಬಹುದು. ಗುಡ್ಡದ ಬುಡದಲ್ಲಿ ಮನೆಯಿರುವವರು ಸುರಂಗದಿಂದ ಹರಿದುಬರುವ ತಣ್ಣನೆಯ ನೀರಿಗೆ ಪುಟ್ಟ ಕೈಯನ್ನು ಒಡ್ಡಿಸಬಹುದು. ಮಳೆ ಕಡಿಮೆಯಾಗುತ್ತ ಬಂದಾಗ ಮುರಕಲ್ಲಿನ ಗುಡ್ಡಗಳ ಮೇಲೆ ಅರಳುವ ನೀಲಿ ಹೂಗಳನ್ನು, ಮುಟ್ಟಿದರೆ ಮುದುಡುವ ನಾಚಿಕೆಮುಳ್ಳಿನ ಎಲೆಯನ್ನು ತೋರಿಸಬಹುದು. ಅವಸರಪಡಬಾರದು. ಮಗು ಇರುವೆಯ ಸಾಲನ್ನು ನೋಡುತ್ತ ಹತ್ತು ನಿಮಿಷ ಕುಳಿತರೆ ನಾವೂ ಕುಳಿತುಕೊಳ್ಳಬೇಕು.

"ಇದಕ್ಕೆಲ್ಲ ಸಮಯವೆಲ್ಲಿ?" ಎಂದು ಹೆತ್ತವರು ಕೇಳುತ್ತಾರೆ. ದಿನವಿಡೀ ದುಡಿದು ಬಂದ ತಾಯಿ ಅನ್ನ ಬೇಯುವವರೆಗೆ ಮಗುವಿನ ಕೈಗೆ ಮೊಬೈಲು ಕೊಟ್ಟರೆ ಆಕೆಯನ್ನು ನಾವು ದೂರಲಾರೆವು. ಆದರೆ ಅನ್ನ ಬೆಂದ ಮೇಲೂ ಮೊಬೈಲು ಮಗುವಿನ ಕೈಯಲ್ಲೇ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ತುಂಬದ ಮಗುವಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದು, ಕಡಿಮೆಯಾದಷ್ಟೂ ಒಳ್ಳೆಯದು. ಒಂದು ವರ್ಷ ದಾಟಿದ ಮಗು ದಿನಕ್ಕೆ 180 ನಿಮಿಷವಾದರೂ ಮೈಕೈ ಆಡಿಸುತ್ತಿರಬೇಕೆಂದೂ ಅದು ಹೇಳಿದೆ. ಪಾತ್ರೆ ತೊಳೆಯುವ ತಾಯಿಯ ಪಕ್ಕದಲ್ಲಿ ಒಂದು ಬಟ್ಟಲು ಹಿಡಿದು ಕುಳಿತ ಮಗು ಆಡುತ್ತಲೇ ಇರುತ್ತದೆ. ಅದಕ್ಕೆ ಬೇರೆ ಸಮಯ ಬೇಕಿಲ್ಲ.

ನಮಗೆ ಇದರಲ್ಲಿ ಇನ್ನೊಂದು ಚಿಂತೆಯಿದೆ. ಮೊಬೈಲು ಮಗುವಿನೊಡನೆ ಮಾತಾಡುತ್ತದೆ, ಮಗುವಿನ ಮಾತನ್ನು ಕಾದು ಕೇಳುವುದಿಲ್ಲ. ಆಟದಲ್ಲಿ ಮಾತ್ರ "ಕೊಡು", "ತಾ", "ಬಿತ್ತು", "ಎಲ್ಲಿ?" ಎಂಬ ಮಾತುಗಳು ಹೋಗಿ ಬಂದು ಮಾಡುತ್ತವೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಉಳಿಯಬೇಕೆಂದು ನಾವು ಸಭೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಕಚೇರಿಯ ಭಾಷೆ ನಮ್ಮ ಕೈಯಲ್ಲಿಲ್ಲ. ಜಗಲಿಯ ಭಾಷೆ ನಮ್ಮ ಕೈಯಲ್ಲೇ ಇದೆ. ಮನೆಮಾತು ತುಳುವಾಗಿರಲಿ, ಕೊಂಕಣಿಯಾಗಿರಲಿ, ಮಲೆಯಾಳವಾಗಿರಲಿ, ಅದರಲ್ಲೇ ಮಗುವನ್ನು ಆಡಿಸಿ. ಅದರ ಜೊತೆಗೆ ಕನ್ನಡದ ಹಾಡು, ಕತೆಗಳೂ ಇರಲಿ. ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಅದರಿಂದ ಅವರ ಕನ್ನಡಕ್ಕೆ ಕೊರತೆಯಾಗಲಿಲ್ಲ. ಮಾತೇ ಇಲ್ಲದ ಮನೆಯಲ್ಲಿ ಬೆಳೆದ ಮಗುವಿಗೆ ಯಾವ ಭಾಷೆಯೂ ಹತ್ತದು.

ಕೊನೆಗೆ ಗಂಡುಹುಡುಗರಿಗೆ ಒಂದು ಮಾತು. ಮಗುವನ್ನು ಆಡಿಸುವುದು ಅಕ್ಕನ ಕೆಲಸವೆಂದು ತಿಳಿದು ಅಣ್ಣ ಚೆಂಡು ಹಿಡಿದು ಹೊರಟುಬಿಡುತ್ತಾನೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ವರ್ಷದಲ್ಲೂ ಒಂದು ಕೈಯಲ್ಲಿ ಪುಸ್ತಕ, ಸೊಂಟದಲ್ಲಿ ಮಗು ಇರುವವಳು ಅಕ್ಕನೇ. ಇದು ನ್ಯಾಯವಲ್ಲ. ಹಾಳೆ ಎಳೆಯಲು ಬಲವಾದ ತೋಳು ಬೇಕು, ಅದು ಅಣ್ಣಂದಿರಲ್ಲಿದೆ. ಈ ರಜೆಯಲ್ಲಿ ದಿನಕ್ಕೊಂದು ಗಂಟೆ ಅವರು ಮಗುವನ್ನು ವಹಿಸಿಕೊಳ್ಳಲಿ, ಅಕ್ಕ ಆ ಒಂದು ಗಂಟೆ ಓದಿಕೊಳ್ಳಲಿ. ತಂದೆಯವರೂ ಪತ್ರಿಕೆಯನ್ನು ಬದಿಗಿಟ್ಟು ಅಂಗಳಕ್ಕೆ ಇಳಿಯಲಿ. ಹಾಗಾದರೆ ಮಗುವಿನ ಕೈಗೆ ಏನು ಕೊಡೋಣ ಎಂಬ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಮೊದಲು ನಮ್ಮ ಬೆರಳನ್ನು ಕೊಡೋಣ. ಮಿಕ್ಕದ್ದನ್ನು ಮಗುವೇ ತೋರಿಸಿ ಕೇಳುತ್ತದೆ.